ಅಫಿಸಿನಾಲಿಸ್ ಮತ್ತು ಪದ್ಮಾವತಿ

ಮೊನ್ನೆ ಶಿವಮೊಗ್ಗದ ಸವಳಂಗ ರಸ್ತೆಯ ಗ್ರಂಥಿಗೆ ಅಂಗಡಿಯೊಂದರಲ್ಲಿ ಒಣಶುಂಠಿ ಕೊಳ್ಳಲು ನಿಂತಿದ್ದೆ. ಅಂಗಡಿಯವನು ಒಳಗಿನ ಕಪಾಟು ತೆಗೆದ. ಹಿಪ್ಪಲಿ, ಬಜೆ, ಶುಂಠಿ, ಅಳಲೆಕಾಯಿ ಎಲ್ಲ ಒಟ್ಟಿಗೆ ಸೇರಿದ ಆ ಖಾರದ, ಒಗರಿನ, ಒಂದಿಷ್ಟು ಧೂಳೂ ಬೆರೆತ ವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ಐವತ್ತು ದಾಟಿದೆ, ಮೊಣಕಾಲು ನೋವಿದೆ, ಮನೆಯಲ್ಲಿ ಕುಕ್ಕರ್ ಇಟ್ಟು ಬಂದಿದ್ದೇನೆ ಎನ್ನುವುದೆಲ್ಲ ಮರೆತೇ ಹೋಯಿತು. ದುರ್ಗಿಗುಡಿಯ ನಮ್ಮ ಹಳೆಯ ಮನೆಯ ಉಗ್ರಾಣದ ಹೊಸ್ತಿಲಿಗೆ ಹೋಗಿ ಕೂತುಬಿಟ್ಟೆ. ಅವನು ಕೊಟ್ಟ ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಜಿಂಜಿಬರ್ ಅಫಿಸಿನಾಲೆ ಎಂದು ಅಚ್ಚಾಗಿತ್ತು. ಓದಿದವಳೇ ಜೋರಾಗಿ ನಕ್ಕೆ. "ಯಾಕ್ ಮೇಡಂ, ರೇಟು ಜಾಸ್ತಿ ಅನ್ನಿಸ್ತಾ?" ಎಂದ ಪಾಪ. ಅವನಿಗೆ ಏನು ಹೇಳಲಿ? ಈ ಎರಡನೆಯ ಪದ ನಮ್ಮ ಅಜ್ಜಿಯ ಹೆಸರು ಕಣಯ್ಯಾ ಎಂದರೆ ನನ್ನನ್ನು ಹುಚ್ಚಾಸ್ಪತ್ರೆಗೆ ಕಳಿಸುತ್ತಿದ್ದ. ನಿಮಗೆ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಕತ್ತಲೆ ಕೋಣೆ, ಅಂಥ ಒಬ್ಬಳು ಅಜ್ಜಿ ಇದ್ದಿರಬೇಕು, ಮತ್ತು ಈಗ ಇರಲಿಕ್ಕಿಲ್ಲ.

ಮನೆ ಎಂದರೆ ದೊಡ್ಡದೇನಲ್ಲ. ಬೀದಿಗೆ ಜಗಲಿ, ಒಳಗೆ ನಡುಮನೆ, ಅದರ ಪಕ್ಕ ಅಡುಗೆಮನೆ, ಅಡುಗೆಮನೆಯ ಬೆನ್ನಿಗೆ ಕಿಟಕಿಯಿಲ್ಲದ ಉಗ್ರಾಣ, ಹಿತ್ತಲಲ್ಲಿ ಒಂದು ನೆಲ್ಲಿಮರ. ಈಗ ಆ ಜಾಗದಲ್ಲಿ ಮೂರಂತಸ್ತಿನ ಕಾಂಪ್ಲೆಕ್ಸ್ ಎದ್ದಿದೆ; ಉಗ್ರಾಣವಿದ್ದಲ್ಲಿ ಮೊಬೈಲಿಗೆ ಗಾಜು ಅಂಟಿಸಿಕೊಡುವ ಅಂಗಡಿ. ನನಗೆ ಅಲ್ಲಿ ಹೋದಾಗಲೆಲ್ಲ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ. ಮಾರಿದವರು ನಾವೇ. ಆ ಉಗ್ರಾಣದಲ್ಲಿ ಅಜ್ಜಿ ಇಡೀ ಬೀದಿಗೆ ಬೇಕಾಗುವಷ್ಟು ಬೇರು, ತೊಗಟೆ, ಕಾಯಿ ತುಂಬಿಟ್ಟಿದ್ದಳು. ಅಜೀರ್ಣವಾದವರು, ಬಾಣಂತಿಯರು, ಮೂಗು ಕಟ್ಟಿದ ಮಕ್ಕಳು ಎಲ್ಲ ಮೊದಲು ನಮ್ಮ ಜಗಲಿಗೆ ಬರುತ್ತಿದ್ದರು, ಆಮೇಲೆ ಡಾಕ್ಟರ ಹತ್ತಿರ. ಅಜ್ಜಿ ಲೋಟ ಕೈಗಿಟ್ಟು "ಮೂಗು ಹಿಡ್ಕೊಂಡು ಕುಡಿ, ನನ್ನ ಮುಖ ನೋಡ್ಬೇಡ" ಎನ್ನುತ್ತಿದ್ದಳು. ವಾಸಿಯಾಗದಿದ್ದರೆ ಕುಡಿದವರದ್ದೇ ತಪ್ಪು.

ಅಜ್ಜ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ನಿವೃತ್ತಿ ಶಾಲೆಗೆ ಸಿಕ್ಕಿತು, ನಮಗೆ ಸಿಗಲಿಲ್ಲ. ಉಗ್ರಾಣದ ಪ್ರತಿಯೊಂದು ಭರಣಿ, ಡಬ್ಬದ ಮೇಲೆ ಅವರ ಚೀಟಿ ಇರುತ್ತಿತ್ತು, ಅದರ ಮೇಲೆ ದುಂಡಗಿನ ಅಕ್ಷರದಲ್ಲಿ ಲ್ಯಾಟಿನ್ ಹೆಸರು. ಭಾನುವಾರ ಎಣ್ಣೆಸ್ನಾನ ಮುಗಿದ ಮೇಲೆ ನನ್ನನ್ನು ಹೊಸ್ತಿಲ ಮೇಲೆ ಕೂರಿಸಿ ಪಾಠ. ಅಫಿಸಿನಾ ಎಂದರೆ ಹಳೆಯ ರೋಮಿನವರಿಗೆ ಕೆಲಸದ ಕೋಣೆ, ಕಾರ್ಖಾನೆ. ಲ್ಯಾಟಿನ್ನಿನಲ್ಲಿ 'ಕೆಲಸ' ಎನ್ನುವ ಪದಕ್ಕೆ 'ಮಾಡು' ಎನ್ನುವುದು ಅಂಟಿಕೊಂಡು, ಜನರ ಬಾಯಲ್ಲಿ ಸವೆದು ಸವೆದು ಆದ ಶಬ್ದ ಅದು. ಮುಂದೆ ಕ್ರೈಸ್ತ ಸನ್ಯಾಸಿಗಳ ಮಠಗಳಲ್ಲಿ ಬೇರುನಾರು ಕೂಡಿಟ್ಟು ಔಷಧಿ ಅರೆಯುವ ಕೋಣೆಗೆ ಅದೇ ಹೆಸರು ಬಂತು. ಆ ಕೋಣೆಯೊಳಗೆ ಜಾಗ ಸಂಪಾದಿಸಿದ ಗಿಡಕ್ಕೆ ಅಫಿಸಿನಾಲಿಸ್ ಎಂಬ ವಿಶೇಷಣ. ಅಜ್ಜ ಇದನ್ನು ಹೇಳುವಾಗ ಅವರೇ ಆ ಮಠದಲ್ಲಿ ನಾಲ್ಕು ದಿನ ಇದ್ದು ಬಂದವರಂತೆ ಹೇಳುತ್ತಿದ್ದರು. ಗಂಡು ಹೆಸರಿಗೂ ಹೆಣ್ಣು ಹೆಸರಿಗೂ ಅಫಿಸಿನಾಲಿಸ್ ಒಂದೇ ರೂಪ. ನಪುಂಸಕಕ್ಕೆ ಮಾತ್ರ ಅಫಿಸಿನಾಲೆ. ಹಾಗಾಗಿ ಶುಂಠಿ ಜಿಂಜಿಬರ್ ಅಫಿಸಿನಾಲೆ, ಜಾಜಿ ಜಾಸ್ಮಿನಮ್ ಅಫಿಸಿನಾಲೆ, ನೆಲ್ಲಿ ಎಂಬ್ಲಿಕಾ ಅಫಿಸಿನಾಲಿಸ್. ಕಬ್ಬಿಗೆ ಅದರ ಸೋದರಿ ಪದ, ಅಫಿಸಿನಾರಮ್, ಅಂದರೆ 'ಉಗ್ರಾಣಗಳದ್ದು'. ಮೊದಲ ಪದ ದೊಡ್ಡಕ್ಷರದಲ್ಲಿ ಶುರುವಾಗಬೇಕು, ಎರಡನೆಯದು ಎಷ್ಟೇ ಘನವಾದ ಗುಣ ಹೇಳಲಿ, ಸಣ್ಣಕ್ಷರವೇ. ಒಳಗೆ ಮೊರ ಹಿಡಿದು ಕೂತ ಅಜ್ಜಿ ಇದನ್ನೆಲ್ಲ ಕೇಳಿಸಿಕೊಂಡು, "ಗಂಡಿಗೂ ಹೆಣ್ಣಿಗೂ ಒಂದೇ ಅಂತೀರಲ್ಲ, ಆ ಜನ ನಮ್ಮವರಿಗಿಂತ ವಾಸಿ ಕಣ್ರೀ" ಎಂದಳು. ಸಮುದ್ರದಲ್ಲಿ ಹತ್ತು ಕೈಯ, ಮಸಿ ಉಗುಳುವ ಪ್ರಾಣಿಯೊಂದಿದೆ, ಅದರ ಬೆನ್ನಿನ ಚಿಪ್ಪು ಔಷಧಿಗೆ ಬರುತ್ತಿದ್ದುದರಿಂದ ಅದೂ ಅಫಿಸಿನಾಲಿಸ್ ಎಂದು ಅಜ್ಜ ಒಮ್ಮೆ ಬಾಯಿ ತಪ್ಪಿ ಹೇಳಿದಾಗ ಅಜ್ಜಿ ಮೊರ ನಿಲ್ಲಿಸಿ, "ಹತ್ತು ಕೈಯಾ? ಈ ಮನೆಗೆ ಸಾಲ್ದು ಬಿಡಿ" ಎಂದಿದ್ದಳು.

ಅಜ್ಜಿ ಆ ಹೆಸರಿನ ಬಗ್ಗೆ ಅಷ್ಟು ಕಿವಿಗೊಡಲು ಕಾರಣವಿತ್ತು. ಹೆಂಡತಿ ಗಂಡನ ಹೆಸರು ಹೇಳುತ್ತಿರಲಿಲ್ಲ ಎನ್ನುವುದು ನಿಮಗೂ ಗೊತ್ತು. ನಮ್ಮ ಅಜ್ಜ ಹೆಂಡತಿಯ ಹೆಸರನ್ನೂ ಹೇಳುತ್ತಿರಲಿಲ್ಲ. ಅವರ ಅಪ್ಪ ಹೇಳಿರಲಿಲ್ಲ, ಅವರ ಅಪ್ಪನೂ ಹೇಳಿರಲಿಲ್ಲ, ಇವರೂ ಹೇಳಲಿಲ್ಲ, ಅಷ್ಟೇ. ರೇಷನ್ ಕಾರ್ಡಿನವರು ಬಂದು ಮನೆಯಾಕೆಯ ಹೆಸರು ಕೇಳಿದರೆ ಪೆನ್ನು ಇಸಿದುಕೊಂಡು ಬರೆದು ತೋರಿಸುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅವರು ಅಜ್ಜಿಯನ್ನು 'ಏ ಇವಳೇ' ಎನ್ನುತ್ತಿದ್ದರಂತೆ. ಆಮೇಲೆ ಒಂದು ಮಳೆಗಾಲ ಅವರಿಗೆ ಕೆಮ್ಮು ಹಿಡಿದು, ಗಂಟಲು ಕಟ್ಟಿ, ಕ್ಲಾಸಿನಲ್ಲಿ ಬರೀ ಕೈ ಆಡಿಸಿ ಪಾಠ ಮಾಡುವ ಸ್ಥಿತಿ ಬಂತು. ಹದಿನೇಳರ ಅಜ್ಜಿ ಶುಂಠಿ, ಕಾಳುಮೆಣಸು, ಒಣಗಿಸಿದ ನೆಲ್ಲಿ ಹಾಕಿ ಮೂರು ದಿನ ಕಷಾಯ ಕುಡಿಸಿದಳು. ನಾಲ್ಕನೆಯ ಬೆಳಿಗ್ಗೆ ದನಿ ಬಂದಾಗ ಅಜ್ಜ ಅಡುಗೆಮನೆಯ ಬಾಗಿಲಿಗೆ ಹೋಗಿ ಆಡಿದ ಮೊದಲ ಮಾತೇ "ಅಫಿಸಿನಾಲಿಸ್". ಅಂದಿನಿಂದ ಅದೇ ಆಯಿತು. "ಅಫಿಸಿನಾಲಿಸ್, ಕಾಫಿ." "ಅಫಿಸಿನಾಲಿಸ್, ನನ್ನ ಕನ್ನಡಕ ಎಲ್ಲಿ?" ಬೀದಿಯ ತರಕಾರಿಯವಳಿಗೂ ಇದು ರೂಢಿಯಾಗಿತ್ತು. ಅಜ್ಜಿ ಮೇಲೆ ಮೇಲೆ ಗೊಣಗಿದರೂ ಒಳಗೊಳಗೆ ಹಿಗ್ಗುತ್ತಿದ್ದಳೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಇದಕ್ಕೆ ಕಲ್ಲು ಹಾಕಿದವನು ಸೆಲ್ವರಾಜ್. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ತಮಿಳು ಮನೆಯ ಹುಡುಗ; ಅಜ್ಜ ಕೆಲವು ವರ್ಷ ಅಲ್ಲಿದ್ದಾಗ ಅವರ ಶಿಷ್ಯ; ಈಗ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಲೆಕ್ಚರರ್. ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ಬಂದವನು ಅಜ್ಜಿ ಬಡಿಸಿದ ನೆಲ್ಲಿಕಾಯಿ ತಂಬುಳಿಯನ್ನು ಎರಡು ಸಲ ಹಾಕಿಸಿಕೊಂಡು, ಕೈತೊಳೆಯಲು ಹೋಗುವಾಗ ಉಗ್ರಾಣದೊಳಗೆ ಇಣುಕಿದ. ನೆಲ್ಲಿ ಭರಣಿಯ ಚೀಟಿ ಓದಿ ತಲೆ ಕೆರೆದುಕೊಂಡ. "ಸಾರ್, ತಪ್ಪು ತಿಳ್ಕೋಬೇಡಿ. ಈ ಹೆಸ್ರು ಈಗ ಇಲ್ಲ ಸಾರ್. ನೆಲ್ಲೀನ ಫಿಲ್ಲಾಂಥಸ್ ಕುಲಕ್ಕೆ ಸೇರಿಸಿದಾರೆ. ಅಲ್ಲಿ ಅದಕ್ಕೆ ಮೊದ್ಲೇ ಎಂಬ್ಲಿಕಾ ಅಂತ ಹೆಸ್ರು ಇತ್ತಂತೆ. ಮೊದ್ಲು ಇಟ್ಟಿದ್ದೇ ನಿಲ್ಬೇಕು ಅಂತ ರೂಲು. ಅಫಿಸಿನಾಲಿಸ್ ಹೋಯ್ತು ಸಾರ್." ಅಜ್ಜ ಕೂತಲ್ಲೇ ಕೆಂಪಾದರು. "ಹೋಯ್ತು ಅಂದ್ರೆ? ಯಾರಪ್ಪನ ಮನೆ ಆಸ್ತಿ ಅಂತ ತೆಗೆದ್ರು?" ಎಂದು ಗದರಿದರು. ಸೆಲ್ವರಾಜ್ ಎದ್ದು ನಿಂತು, ತಾನೇ ತೆಗೆದವನ ಹಾಗೆ ಕೈಮುಗಿದು, ಆಹ್ವಾನಪತ್ರಿಕೆಯನ್ನು ಕುರ್ಚಿಯ ಮೇಲಿಟ್ಟು ಹೊರಟೇ ಹೋದ.

ಅಜ್ಜ ಎರಡು ದಿನ ಪುಸ್ತಕ ತಿರುವಿದರು. ಮೂರನೆಯ ದಿನ ನೆಲ್ಲಿ ಭರಣಿಯ ಹಳೆಯ ಚೀಟಿಯನ್ನು ನೀರು ಹಚ್ಚಿ ಕಿತ್ತು, ಫಿಲ್ಲಾಂಥಸ್ ಎಂಬ್ಲಿಕಾ ಎಂದು ಬರೆದು ಅಂಟಿಸಿದರು. ಮೇಷ್ಟ್ರು ಅಲ್ಲವೇ, ತಪ್ಪೆಂದು ಗೊತ್ತಾದ ಮೇಲೆ ಹಾಗೇ ಬಿಡಲು ಜೀವ ಒಪ್ಪುವುದಿಲ್ಲ. ಅಂಟಿಸಿ ಅಂಗೈ ಒರೆಸಿಕೊಂಡು, "ಅಫಿಸಿನಾಲಿಸ್, ಒಂದು ಲೋಟ ಕಾಫಿ" ಎಂದರು. ಒಳಗಿನಿಂದ ಉತ್ತರ ಬರಲಿಲ್ಲ. ಇನ್ನೊಮ್ಮೆ ಕರೆದರು. ಅಜ್ಜಿ ಸೆರಗಿಗೆ ಕೈ ಒರೆಸುತ್ತ ಬಂದು ಎದುರು ನಿಂತಳು. "ಮೊದ್ಲು ಇಟ್ಟ ಹೆಸರೇ ನಿಲ್ಬೇಕು ಅಂತ ರೂಲು ಅಲ್ವಾ? ನನಗೂ ಮೊದ್ಲು ಇಟ್ಟ ಹೆಸರೊಂದಿದೆ. ನಮ್ಮಪ್ಪ ತೊಟ್ಟಿಲಲ್ಲಿ ಹಾಕಿ ಪದ್ಮಾವತಿ ಅಂತ ಇಟ್ಟಿದ್ದ. ಒಂದ್ಸಲ ಹಾಗೆ ಕರೀರಿ. ಇಲ್ದಿದ್ರೆ ಇನ್ನು ಓ ಅನ್ನಲ್ಲ." ಅವಳು ನಗುತ್ತಲೇ ಹೇಳಿದ್ದು. ಆದರೆ ಕಣ್ಣು ನಗುತ್ತಿರಲಿಲ್ಲ. ನಾನು ಹತ್ತು ವರ್ಷದವಳಾದರೂ, ಇದು ಕಾಫಿಯ ಮಾತಲ್ಲ ಎಂದು ನನಗೆ ಹೊಳೆಯಿತು. ಎಲ್ಲರನ್ನೂ, ಹಿತ್ತಲಿನ ಕಳೆಯನ್ನೂ ಹೆಸರು ಹಿಡಿದು ಕರೆಯುವ ಗಂಡಸು ತನ್ನೊಬ್ಬಳನ್ನು ಕರೆಯಲಿಲ್ಲ ಎನ್ನುವುದು ಅವಳಿಗೆ ಎಷ್ಟು ವರ್ಷದಿಂದ ಚುಚ್ಚುತ್ತಿತ್ತೋ ಏನೋ.

ಆಮೇಲಿನ ಮೂರು ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಹೊಟ್ಟೆ ಹಿಡಿದು ನಗುತ್ತೇನೆ. ಕರೆಯಲು ಹೆಸರಿಲ್ಲದ ಅಜ್ಜ ಕಾಫಿ ಬೇಕಾದರೆ ಕೆಮ್ಮುವುದು, ಬಿಸಿನೀರು ಬೇಕಾದರೆ ಚೊಂಬು ಕುಟ್ಟುವುದು, ಕನ್ನಡಕ ಬೇಕಾದರೆ "ಕನ್ನಡಕ ಅನ್ನೋದೊಂದು ಈ ಮನೆಯಲ್ಲಿತ್ತು" ಎಂದು ಗೋಡೆಗೆ ಹೇಳುವುದು. ಅಜ್ಜಿ ಗೋಡೆಯ ಪರವಾಗಿಯೂ ಉತ್ತರ ಕೊಡಲಿಲ್ಲ. ನಮ್ಮಮ್ಮ, ಅವರ ಸೊಸೆ, ಇಬ್ಬರ ನಡುವೆ ಓಡಾಡಿ ಸುಸ್ತಾದಳು. ನಾನು ಅಜ್ಜನಿಗೆ ಟ್ಯೂಷನ್ ಶುರು ಮಾಡಿದೆ. ಹಿತ್ತಲಿಗೆ ಕರೆದುಕೊಂಡು ಹೋಗಿ, "ಹೇಳಿ ಅಜ್ಜ, ಪ" ಎನ್ನುತ್ತಿದ್ದೆ. "ಪ" ಎನ್ನುತ್ತಿದ್ದರು. "ದ್ಮಾ." "ದ್ಮಾ." "ಈಗ ಸೇರಿಸಿ." ಅವರು ಬಾಯಿ ತೆರೆದು, ಸುತ್ತ ನೋಡಿ, ಕಿವಿಯ ತುದಿಯವರೆಗೆ ಕೆಂಪಾಗಿ, "ಹೋಗೇ, ನಿನಗೆ ಬೇರೆ ಕೆಲಸ ಇಲ್ವಾ ಮಾರಾಯ್ತಿ" ಎನ್ನುತ್ತಿದ್ದರು. ಬಾಯಿ ತಿರುಗದ ಲ್ಯಾಟಿನ್ ಹೆಸರುಗಳನ್ನು ಉಸಿರು ಕಟ್ಟದೆ ಹೇಳುವ ಮನುಷ್ಯನಿಗೆ ನಾಲ್ಕಕ್ಷರ ಗಂಟಲಿಂದ ಮೇಲೆ ಬರಲಿಲ್ಲ.

ಗೃಹಪ್ರವೇಶದ ದಿನ ಬಂತು. ಗದರಿ ಕಳಿಸಿದ ಶಿಷ್ಯನ ಮನೆಗೆ ಹೋಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಅಜ್ಜ, ಅಜ್ಜಿ, ನಾನು ಮೂವರೂ ಭದ್ರಾವತಿಗೆ ಹೋದೆವು. ಪೊಂಗಲ್, ಪಾಯಸ, ಕೊನೆಗೆ ನನಗೆ ಎರಡು ದೊಡ್ಡ ಲಾಡು, ಮನೆಗೆಂದು ಇನ್ನೊಂದು ಚೀಲ ಲಾಡು. ಸೆಲ್ವರಾಜ್ ಅಜ್ಜನ ಕಾಲು ಮುಟ್ಟಿದ, ಅಜ್ಜ ಅವನ ಬೆನ್ನು ತಟ್ಟಿದರು, ನೆಲ್ಲಿಯ ಸುದ್ದಿ ಇಬ್ಬರೂ ಎತ್ತಲಿಲ್ಲ. ಸಂಜೆ ಶಿವಮೊಗ್ಗದ ರೈಲು ಹಿಡಿಯಲು ಸ್ಟೇಷನ್ನಿಗೆ ಬಂದೆವು. ಮುಹೂರ್ತದ ದಿನವಾದ್ದರಿಂದ ಪ್ಲಾಟ್‌ಫಾರಂ ತುಂಬ ಜರಿ ಸೀರೆ, ಮಲ್ಲಿಗೆ, ತಾಂಬೂಲದ ಚೀಲ. ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಒಟ್ಟಿಗೆ. ಅಜ್ಜಿ ಕೈಗೆ ಅಂಟಿದ ಅರಿಶಿನ ತೊಳೆದು ಬರುತ್ತೇನೆಂದು ಆ ತುದಿಯ ನಲ್ಲಿಗೆ ಹೋದಳು. ಅಷ್ಟರಲ್ಲಿ ರೈಲು ಬಂತು. ಜನ ನುಗ್ಗಿದರು. ಅಜ್ಜ ನನ್ನನ್ನು ಡಬ್ಬಿಗೆ ಹತ್ತಿಸಿ, ತಾವು ಬಾಗಿಲ ಮೆಟ್ಟಿಲ ಮೇಲೆ ನಿಂತು ನೋಡಿದರೆ ಅಜ್ಜಿ ನಲ್ಲಿಯ ಹತ್ತಿರ ಯಾರೋ ಹೂವಿನವಳೊಂದಿಗೆ ನಮಗೆ ಬೆನ್ನು ಮಾಡಿ ಮಾತಾಡುತ್ತಿದ್ದಾಳೆ. ಗಾರ್ಡ್ ಸೀಟಿ ಊದಿದ.

"ಏ ಇವಳೇ!" ಎಂದು ಅಜ್ಜ ಕೂಗಿದರು. ಹತ್ತಾರು ಹೆಂಗಸರು ತಿರುಗಿದರು. ಎಲ್ಲರ ಗಂಡಂದಿರೂ ಅವರನ್ನು ಹಾಗೇ ಕರೆಯುತ್ತಿದ್ದರು. ಅಜ್ಜ ಗಾಬರಿಯಾಗಿ ನನ್ನತ್ತ ನೋಡಿ, "ನೀನು ಕೂಗೇ!" ಎಂದರು. ನಾನು ಬಾಯಿ ತೆರೆದು ತೋರಿಸಿದೆ. ಬಾಯಿ ತುಂಬ ಇಡೀ ಲಾಡು. ನುಂಗಬಹುದಿತ್ತು, ಸುಳ್ಳು ಹೇಳುವುದಿಲ್ಲ. ಬೇಕೆಂದೇ ನುಂಗಲಿಲ್ಲ. ಅಜ್ಜ ಬಾಗಿಲ ಸರಳು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ತಲೆ ಎತ್ತಿ ಕೂಗಿದರು: "ಪದ್ಮಾವತೀ!" ಅಬ್ಬಾ, ಎಂಥ ದನಿ! ಮೂವತ್ತು ವರ್ಷ ಕೊನೆಯ ಬೆಂಚಿನವರಿಗೆ ಪಾಠ ಮಾಡಿದ ದನಿ. ಪ್ಲಾಟ್‌ಫಾರಮ್ಮಿನಲ್ಲಿ ಮೂವರು ಪದ್ಮಾವತಿಯರು ತಿರುಗಿ ನೋಡಿದರು, ನಮ್ಮವಳೊಬ್ಬಳನ್ನು ಬಿಟ್ಟು. ಅವಳು ಅಲ್ಲಾಡದೆ ಹಾಗೇ ನಿಂತಿದ್ದಳು. ರೈಲು ಕದಲಿತು. ಅಜ್ಜ ನನ್ನನ್ನು ಬಾಚಿಕೊಂಡು ಕೆಳಗೆ ಧುಮುಕಿ, ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ "ಅಫಿಸಿನಾಲಿಸ್!" ಎಂದು ಕಿರುಚಿದರು. ಅಜ್ಜಿ ತಿರುಗಿದಳು. ನಮ್ಮ ಲಾಡಿನ ಚೀಲವನ್ನು ಹೊತ್ತುಕೊಂಡು ರೈಲು ಶಿವಮೊಗ್ಗಕ್ಕೆ ಹೋಯಿತು.

ಬಸ್ಸಿನಲ್ಲಿ ಬರುವಾಗ ಜಗಳವೋ ಜಗಳ. "ಕರೆದೆ" ಎಂದರು ಅಜ್ಜ. "ಯಾರೋ ಯಾವಳನ್ನೋ ಕರೀತಿದಾರೆ ಅಂದ್ಕೊಂಡೆ. ನಿಮ್ಮ ಬಾಯಲ್ಲಿ ಕೇಳಿದ್ರೆ ತಾನೆ ಗೊತ್ತಾಗೋದು" ಎಂದಳು ಅಜ್ಜಿ. "ಮಗು ಸಾಕ್ಷಿ ಇದೆ." "ಸಾಕ್ಷಿ ಯಾಕ್ರೀ, ಈಗ ಹೇಳಿ, ಇಲ್ಲೇ ಪಕ್ಕದಲ್ಲೇ ಇದೀನಲ್ಲ." ಅಜ್ಜ ಕಿಟಕಿಯ ಕಡೆ ತಿರುಗಿದರು. ಊರು ಬರುವವರೆಗೂ ಆ ಕಡೆಯೇ ನೋಡುತ್ತ ಕೂತರು. ಮಾರನೆಯ ಬೆಳಿಗ್ಗೆ ಅಳುಕುತ್ತ "ಅಫಿಸಿನಾಲಿಸ್, ಕಾಫಿ" ಎಂದರು. ಒಂದು ಗಳಿಗೆ ಬಿಟ್ಟು ಒಳಗಿನಿಂದ "ಓ" ಎಂದು ಕೇಳಿತು. ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು.

ಅದೇ ಮಧ್ಯಾಹ್ನ ಅಜ್ಜಿ ನನ್ನನ್ನು ಉಗ್ರಾಣದೊಳಗೆ ಕರೆದು ಬಾಗಿಲು ಮುಂದಕ್ಕೆ ಎಳೆದಳು. "ಹ್ಯಾಗೆ ಕರೆದ್ರು, ಮಾಡಿ ತೋರ್ಸು" ಎಂದಳು. ನಾನು ಕಣ್ಣು ಮುಚ್ಚಿ, ತಲೆ ಎತ್ತಿ, ಅಜ್ಜನ ಹಾಗೇ ಅಂದು ತೋರಿಸಿದೆ. ಅವಳು ಕೇಳಿಸಿಕೊಂಡು ತಲೆಯಾಡಿಸಿದಳು. "ಅಲ್ಲ. 'ವ'ದಲ್ಲಿ ಸ್ವಲ್ಪ ಎಳೆದ್ರು" ಎಂದಳು. ನನಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. "ಅಜ್ಜೀ! ನಿಂಗೆ ಕೇಳ್ಸಿತ್ತಾ?" ಅಜ್ಜಿ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು, ಹಾಗೆ ನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು. "ಕೇಳಿಸ್ದೆ ಏನು? ಇಡೀ ಭದ್ರಾವತಿಗೇ ಕೇಳಿಸ್ತು. ಇನ್ನೊಂದ್ಸಲ ಕರೀಲಿ ಅಂತ ತಿರುಗ್ದೆ ನಿಂತೆ ಕಣೇ. ಐವತ್ತು ವರ್ಷಕ್ಕೆ ಒಂದ್ಸಲ ಸಾಕಾ ಮಾರಾಯ್ತಿ?" ಎಂದಳು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು, "ಅಜ್ಜಂಗೆ ಹೇಳ್ಬೇಡ. ಕೇಳಿಸ್ತು ಅಂತ ಗೊತ್ತಾದ್ರೆ ಕೆಲಸ ಮುಗೀತು ಅಂತ ಸುಮ್ನಾಗಿಬಿಡ್ತಾರೆ. ಕೇಳ್ಸಿಲ್ಲ ಅಂದ್ಕೊಂಡಿದ್ರೆ ಇವತ್ತಲ್ಲ ನಾಳೆ ಮತ್ತೆ ಕರೀತಾರೆ" ಎಂದು ಆಣೆ ಹಾಕಿಸಿಕೊಂಡಳು. ನಾನು ಆಣೆ ಉಳಿಸಿಕೊಂಡೆ. ಈಗ ಅನ್ನಿಸುತ್ತದೆ, ನನ್ನ ಜೀವನದಲ್ಲಿ ನಾನು ಮಾಡಿದ ದೊಡ್ಡ ದಡ್ಡತನ ಅದೇ. ಯಾಕೆಂದರೆ ಅಜ್ಜಿ ಅಂದುಕೊಂಡಂತೆ ಆಗಲಿಲ್ಲ. ಅಷ್ಟು ಜನರ ಮುಂದೆ ಬಾಯಿಬಿಟ್ಟು ಕರೆದರೂ ತನ್ನವಳು ತಿರುಗಲಿಲ್ಲವೆಂಬ ನಾಚಿಕೆ ಅಜ್ಜನಿಗೆ. ಅವರು ಮತ್ತೆ ಆ ಹೆಸರಿನ ತಂಟೆಗೆ ಹೋಗಲಿಲ್ಲ. ಎಂಟು ವರ್ಷ ಅವಳು ಕಾದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಜ್ಜ ಕರೆಯಲು ಗಂಟಲು ಸರಿಮಾಡಿಕೊಂಡರೆ ಸಾಕು, ಅಜ್ಜಿ ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದು ನಿಲ್ಲುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಬರುತ್ತಿದ್ದದ್ದು ಅದೇ ಲ್ಯಾಟಿನ್. ಅವಳು "ಓ" ಎಂದು ಮತ್ತೆ ಕೆಲಸಕ್ಕೆ ತೊಡಗುತ್ತಿದ್ದಳು.

ನಾನು ಕಾಲೇಜು ಸೇರಿದ ವರ್ಷ ಅಜ್ಜಿ ಹೋದಳು. ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಯಾರ ಕೈಯಲ್ಲೂ ಕಷಾಯ ಮಾಡಿಸಿಕೊಳ್ಳಲಿಲ್ಲ. ಹದಿಮೂರನೆಯ ದಿನದ ಊಟ ಮುಗಿದು, ನೆಂಟರು ಬಸ್ಸು ಹಿಡಿಯಲು ಹೊರಟು, ಮನೆ ಬರಿದಾದ ಮೇಲೆ ಅಜ್ಜ ನಡುಮನೆಯಲ್ಲಿ ಕೂತಿದ್ದರು. ನಾನು ಎಲೆ ಎತ್ತಿ ನೆಲ ಒರೆಸುತ್ತಿದ್ದೆ. ಅವರು ನೆಲ ನೋಡುತ್ತಲೇ ಕೇಳಿದರು: "ಆವತ್ತು ಭದ್ರಾವತೀಲಿ ನಾನು ಕರೆದದ್ದು ನೀನು ಕೇಳಿದ್ಯಲ್ಲ. ಅವಳಿಗೆ ಕೊನೇವರೆಗೂ ನಂಬಿಕೆ ಬರ್ಲಿಲ್ಲ, ನೋಡು." ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಕೇಳಿಸಿತ್ತು, ಇನ್ನೊಂದು ಸಲ ಕರೆಯಲಿ ಎಂದು ನಿಂತಿದ್ದಳು, 'ವ'ದಲ್ಲಿ ಎಳೆದದ್ದೂ ನೆನಪಿತ್ತು ಎಂದೆಲ್ಲ ಹೇಳಿದೆ. ಅಜ್ಜ ಮೊದಲು ನಕ್ಕರು. "ಎಂಥಾ ಕಳ್ಳಿ" ಎಂದರು. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದು, ಅಡುಗೆಮನೆ ದಾಟಿ, ಉಗ್ರಾಣದ ಬಾಗಿಲಿಗೆ ಹೋಗಿ ನಿಂತರು. ಗಂಟಲು ಸರಿಮಾಡಿಕೊಂಡರು. ಕೂಗಲಿಲ್ಲ, ಪಕ್ಕದ ಕೋಣೆಯಲ್ಲಿರುವವರನ್ನು ಕರೆಯುವಷ್ಟೇ ದನಿಯಲ್ಲಿ, ದಿನಾ ಕರೆದು ಅಭ್ಯಾಸವಿದ್ದವರ ಹಾಗೆ ಕರೆದರು.

"ಪದ್ಮಾವತೀ."

ಒಳಗೆ ಪಾತ್ರೆ ಜೋಡಿಸುತ್ತಿದ್ದ ಅಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಏನಾದ್ರೂ ಬೇಕಿತ್ತಾ ಮಾವ?"

"ಏನಿಲ್ಲಮ್ಮ" ಎಂದರು ಅಜ್ಜ. "ಸುಮ್ನೆ ಕರೆದೆ."